ಸೂಜಿಯಕ್ಕನ ಪಾಳಿಯ ತೂತುಗಳು

ನಮ್ಮ ಮನೆಯಲ್ಲಿ ಇಬ್ಬರು ಡ್ರೈವರುಗಳು. ಗಂಡ ಊರೊಳಗೆ ಬಸ್ಸು ಓಡಿಸುತ್ತಾರೆ. ನಾನು ಯಂತ್ರದೊಳಗಿನ ಎಲೆಕ್ಟ್ರಾನಿಕ್ ಚಿಪ್ಪಿಗೂ ಅದನ್ನು ಆಳುವ ಸಾಫ್ಟ್‌ವೇರಿಗೂ ನಡುವೆ ನಿಂತು ಕೆಲಸ ಮಾಡುವ ಪ್ರೋಗ್ರಾಂ ಬರೆಯುತ್ತೇನೆ. ಅದನ್ನೂ ಡ್ರೈವರ್ ಅಂತಲೇ ಕರೆಯುತ್ತಾರೆ, ಅಲ್ಲಿ ಮಾಹಿತಿ ಓಡಾಡುವ ದಾರಿಗೆ ಬಸ್ ಅಂತಲೇ ಹೆಸರು. ಇದು ಗೊತ್ತಾದಾಗಿನಿಂದ ಅತ್ತೆ ನೆಂಟರಿಗೆಲ್ಲ "ಮಗ, ಸೊಸೆ ಇಬ್ರದ್ದೂ ಬಸ್ಸಿನ ಕೆಲಸವೇ. ಆದ್ರೆ ಸೊಸೆಗೆ ಲೈಸೆನ್ಸ್ ಇಲ್ಲ" ಎನ್ನುತ್ತಾರೆ.

ಹದಿನೇಳು ವರ್ಷದಿಂದ ಇದೇ ಕೆಲಸ. ಈಗೀಗ ಯಾರು ಏನು ಕೇಳಿದರೂ ಮೊದಲು ಸಿಟ್ಟು ಬರುತ್ತದೆ, ಉತ್ತರ ಆಮೇಲೆ. ಆ ಬುಧವಾರ ಬಾಸ್ ಕರೆದಾಗಲೂ ಹಾಗೆಯೇ ಆಯಿತು.

"ಕಾಲುಚೀಲದ ಕಾರ್ಖಾನೆಗೆ ಹೋಗ್ಬನ್ನಿ. ನಮ್ಮ ಯಂತ್ರದಲ್ಲಿ ತೂತು ಬೀಳ್ತಿದೆಯಂತೆ. ಬೀಳೋದು ಒಬ್ಬಳೇ ಹೆಂಗಸಿನ ಪಾಳೀಲಿ. ಯಂತ್ರದ್ದೇನೂ ತಪ್ಪಿಲ್ಲ ಅಂತ ಒಂದು ಕಾಗದ ಬರ್ಕೊಡಿ ಸಾಕು. ಅವರು ಅವಳನ್ನ ಬಿಡಿಸ್ತಾರೆ, ನಮಗೂ ಪೀಡೆ ತಪ್ಪುತ್ತೆ."

"ಕಾಗದ ಇಲ್ಲಿಂದಲೇ ಕಳಿಸ್ಬಹುದಲ್ಲ."

"ನೋಡಿ ಬಂದ್ವಿ ಅಂತ ಇರ್ಲಿ, ಮೇಡಂ."

ಎರಡು ಬಸ್ಸು ಹಿಡಿದು ಹೋದೆ. ಎರಡರಲ್ಲೂ ನಿಂತೇ ಹೋದೆ. ಉದ್ದನೆಯ ತಗಡಿನ ಕೊಟ್ಟಿಗೆಯಂಥ ಕಟ್ಟಡ, ಒಳಗೆ ಇಪ್ಪತ್ತನಾಲ್ಕು ಹೆಣಿಗೆ ಯಂತ್ರಗಳು, ಕಿವಿಯಲ್ಲಿ ಅಕ್ಕಿ ಹುರಿದ ಹಾಗೆ ಸದ್ದು. ದೀಪಗಳ ಮೇಲೆ, ಕಿಟಕಿಯ ಸರಳುಗಳ ಮೇಲೆ, ಸೂಪರ್‌ವೈಸರ್ ಹುಬ್ಬಿನ ಮೇಲೆ ಕೂಡ ನೂಲಿನ ನವಿರು ಧೂಳು ಕೂತಿತ್ತು. ಅವರು ನನ್ನನ್ನು ಗಾಜಿನ ಕೋಣೆಗೆ ಕರೆದುಕೊಂಡು ಹೋಗಿ ಒಂದು ಫೈಲು ಬಿಚ್ಚಿದರು. ಮೂರು ತಿಂಗಳ ಲೆಕ್ಕ. ತೂತು ಬಿದ್ದ ಕಾಲುಚೀಲಗಳೆಲ್ಲ ಹನ್ನೊಂದನೆಯ ಯಂತ್ರದವು, ಎಲ್ಲವೂ ಬೆಳಗಿನ ಪಾಳಿಯವು.

"ಸೂಜಿಯಕ್ಕ ಅಂತ ಕರೀತೀವಿ" ಎಂದರು. "ಇಪ್ಪತ್ತಾರು ವರ್ಷ ಆಯ್ತು ಇಲ್ಲಿಗೆ ಬಂದು. ಕೆಲಸ ಕಲಿತೋರೆಲ್ಲ ಅವಳ ಹತ್ರವೇ ಕಲಿತಿದ್ದು. ಆದ್ರೆ ಕೈ ಸುಮ್ಮನಿರಲ್ಲ, ಒಂದೊಂದೇ ಸೂಜಿ ತಿದ್ದುತ್ತಾ ಕೂರ್ತಾಳೆ. ತಿದ್ದಿದಷ್ಟೂ ತೂತು ಜಾಸ್ತಿ. ಈಗ ಅವಳೇ ಬರ್ಕೊಟ್ಟಿದ್ದಾಳೆ ನೋಡಿ."

ಫೈಲಿನ ಕೊನೆಯಲ್ಲಿ ಒಂದು ಹಾಳೆ ಇತ್ತು. 'ನನಗೆ ಕಣ್ಣು ಸರಿಯಾಗಿ ಕಾಣುತ್ತಿಲ್ಲವಾದ್ದರಿಂದ ಶನಿವಾರದಿಂದ ಕೆಲಸ ಬಿಡುತ್ತೇನೆ' ಎಂದು ದುಂಡಗಿನ ಅಕ್ಷರದಲ್ಲಿ ಬರೆದಿತ್ತು. ನನ್ನ ಕಾಗದ ಅದರ ಮೇಲೆ ಇಟ್ಟರೆ ಮುಗಿಯಿತು. ಪೆನ್ನು ತೆಗೆದೂ ಇದ್ದೆ. ಸುಮ್ಮನೆ ಕೈಗೆ ಸಿಕ್ಕಿದ ಒಂದು ಕಾಲುಚೀಲ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ.

ತೂತಿನಲ್ಲಿ ನೂಲಿನ ಮೂರು ಕುಣಿಕೆ ಇರಲಿಲ್ಲ. ಇನ್ನೊಂದು ಎತ್ತಿದೆ, ಅದರಲ್ಲೂ ಮೂರು. ಮೂರನೆಯದರಲ್ಲಿ ತೂತು ಬೇರೆ ಜಾಗದಲ್ಲಿತ್ತು, ಆದರೆ ಕುಣಿಕೆ ಮೂರೇ. ಎಲ್ಲ ತೂತಿನ ಪಕ್ಕದಲ್ಲೂ ಅಚ್ಚುಕಟ್ಟಾಗಿ ಬಿಗಿದ ಒಂದು ಕುಣಿಕೆ. ಪೆನ್ನು ಕೆಳಗಿಟ್ಟೆ.

ಆ ಯಂತ್ರದಲ್ಲಿ ನೂರ ಅರವತ್ತೆಂಟು ಸೂಜಿ. ಒಂದೊಂದಕ್ಕೂ ಒಂದು ಪುಟ್ಟ ಅಯಸ್ಕಾಂತ, ಅದರ ಬಿಗಿ ಎಷ್ಟು ಎನ್ನುವುದಕ್ಕೆ ಒಂದೊಂದು ಅಂಕಿ. ಅಂಕಿ ಸೊನ್ನೆಯಾದರೆ ಆ ಸೂಜಿಯ ಕುಣಿಕೆ ಬೀಳುವುದಿಲ್ಲ. ಆ ಅಂಕಿಗಳನ್ನು ಇಟ್ಟುಕೊಳ್ಳುವ ಚಿಪ್ಪಿಗೆ ಒಂದು ಹಟವಿದೆ. ಅದರ ಬಸ್ಸಿನಲ್ಲಿ ನಾಲ್ಕು ಸೀಟು. ಪಕ್ಕಪಕ್ಕದ ನಾಲ್ಕು ಸೂಜಿಯ ಅಂಕಿಗಳನ್ನೂ ಒಟ್ಟಿಗೆ ಹತ್ತಿಸಿ ಕಳಿಸಬೇಕು. ಒಂದನ್ನೇ ಕಳಿಸಿದರೆ ಉಳಿದ ಮೂರು ಸೀಟು ಖಾಲಿ ಎಂದುಕೊಂಡು ಅಲ್ಲಿ ಸೊನ್ನೆ ಬರೆದುಕೊಳ್ಳುತ್ತದೆ. ಇದನ್ನು ಕಂಡುಹಿಡಿಯಲು ನಾನು ಹಿಂದೊಮ್ಮೆ ಹನ್ನೆರಡು ದಿನ ಒದ್ದಾಡಿದ್ದೆ. ಅದಕ್ಕೇ ಡ್ರೈವರಿನಲ್ಲಿ ಅಂಕಿಗಳ ನಕಲು ಇಟ್ಟುಕೊಂಡು, ಒಂದು ಬದಲಾದರೂ ನಾಲ್ಕನ್ನೂ ಕಳಿಸುವಂತೆ ಬರೆದಿದ್ದೆ. ನೋಡಲು ಅಸಹ್ಯವಾಗಿತ್ತು, ಕೆಲಸ ಮಾಡುತ್ತಿತ್ತು. ಯಾಕೆ ಹೀಗೆ ಎಂದು ಪಕ್ಕದಲ್ಲಿ ಒಂದು ಸಾಲು ಮಾತ್ರ ಬರೆದಿರಲಿಲ್ಲ. ನನಗೆ ಗೊತ್ತಲ್ಲ, ಸಾಕು ಅನ್ನಿಸಿತ್ತು.

ನಾಲ್ಕು ತಿಂಗಳ ಹಿಂದೆ ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿಯ ಹಿರಿಯರು, ಸ್ವಚ್ಛತೆಯ ಹುಚ್ಚಿನವರು, ಒಂದರ ಕೆಲಸಕ್ಕೆ ನಾಲ್ಕು ಯಾಕೆ ಎಂದು ಅದನ್ನು ಒಂದೇ ಸಾಲಿಗೆ ಇಳಿಸಿ ನನ್ನ ಒಪ್ಪಿಗೆಗೆ ಕಳಿಸಿದರು. ಆ ವಾರ ಅತ್ತೆಯ ಮೊಣಕಾಲಿನ ಆಪರೇಷನ್. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ತೆರೆದೂ ನೋಡದೆ, ಫೋನಿನಲ್ಲೇ 'ನೋಡಿದ್ದೇನೆ, ಸರಿಯಿದೆ' ಎಂದು ಒತ್ತಿದ್ದೆ.

"ಬೇರೆ ಪಾಳಿಯೋರು ಸೂಜಿ ಹೇಗೆ ತಿದ್ದುತ್ತಾರೆ?" ಎಂದು ಕೇಳಿದೆ.

"ಅವರೆಲ್ಲಿ ತಿದ್ದುತ್ತಾರೆ, ಮೇಡಂ. ಬಂದ ತಕ್ಷಣ 'ಎಲ್ಲಾ' ಅನ್ನೋ ಬಟನ್ ಒತ್ತುತ್ತಾರೆ, ಕೂರ್ತಾರೆ."

'ಎಲ್ಲಾ' ಒತ್ತಿದರೆ ನಾಲ್ಕು ನಾಲ್ಕಾಗಿಯೇ ಹೋಗುತ್ತವೆ. ಸೊನ್ನೆಗಳೆಲ್ಲ ಅಳಿಸಿ ತೂತು ಮಾಯವಾಗುತ್ತದೆ. ಸಡಿಲವಾದ ಒಂದೇ ಸೂಜಿಯನ್ನು ಹುಡುಕಿ ಅದೊಂದನ್ನೇ ತಿದ್ದುವಷ್ಟು ಶ್ರದ್ಧೆ ಇಡೀ ಕಾರ್ಖಾನೆಯಲ್ಲಿ ಒಬ್ಬಳಿಗಿತ್ತು. ತೂತು ಅವಳ ಪಾಳಿಯಲ್ಲೇ ಬಿತ್ತು. ಬಿದ್ದ ತೂತನ್ನು ಸರಿಮಾಡಲು ಅವಳು ಪಕ್ಕದ ಸೂಜಿ ತಿದ್ದಿದಳು, ಅದು ಉಳಿದ ಮೂರನ್ನು ಕೊಂದಿತು. ಯಂತ್ರದ ಪರದೆಯಲ್ಲಿ ಮಾತ್ರ ಎಲ್ಲ ಅಂಕಿಯೂ ಸರಿಯಾಗಿಯೇ ಕಾಣುತ್ತಿತ್ತು, ಯಾಕೆಂದರೆ ಪರದೆ ತೋರಿಸುವುದು ನಮ್ಮ ನಕಲನ್ನು, ಚಿಪ್ಪಿನ ಹೊಟ್ಟೆಯಲ್ಲಿರುವುದನ್ನಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ. ಬರೆಯ ಕಬ್ಬಿಣ ಕಾಯಿಸಿದವಳು ನಾನು.

ಬಾಸ್‌ಗೆ ಫೋನ್ ಮಾಡಿ ಹೇಳಿದೆ. ಅವರೆಂದರು, "ಸರಿ ಮಾಡ್ಬಿಡಿ. ಅಪ್‌ಡೇಟ್ ಹಾಕಿದ್ವಿ ಅನ್ನಿ. ಯಾರ ತಪ್ಪು ಅಂತೆಲ್ಲ ಯಾಕೆ? ಅವಳು ಹೇಗೂ ಬರ್ಕೊಟ್ಟಾಗಿದೆಯಲ್ಲ."

ನಿಜ ಹೇಳುತ್ತೇನೆ, ಆ ಮಾತು ಹಿತವಾಗಿಯೇ ಕೇಳಿಸಿತು. ಮನೆಗೆ ಹೋಗಿ ಮಲಗಬೇಕು ಅನ್ನಿಸುತ್ತಿತ್ತು. ತಪ್ಪು ಪಕ್ಕದ ಕುರ್ಚಿಯವರದು ಎಂದು ಹೇಳಿದರೂ ಅರ್ಧ ಸತ್ಯವಾಗುತ್ತಿತ್ತು. ಆದರೆ ಆ ದುಂಡಗಿನ ಅಕ್ಷರದ ಹಾಳೆ ಎದುರಿಗೇ ಇತ್ತು. ಫೋನ್ ಇಟ್ಟೆ.

ಹಳೆಯ ಸಾಲುಗಳನ್ನು ವಾಪಸ್ ಹಾಕಲು ಇಪ್ಪತ್ತು ನಿಮಿಷ ಹಿಡಿಯಿತು. ಹನ್ನೊಂದನೆಯ ಯಂತ್ರದ ಮುಂದೆ ಸೂಜಿಯಕ್ಕ, ಸಣ್ಣ ಆಳಿನ ಹೆಂಗಸು, ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದಳು. ನಾನು ಲ್ಯಾಪ್‌ಟಾಪಿನ ತಂತಿ ಕಿತ್ತು, "ಅಕ್ಕಾ, ನಲವತ್ತೊಂದನೇ ಸೂಜಿ ಸ್ವಲ್ಪ ಬಿಗಿ ಮಾಡಿ" ಎಂದೆ.

"ಬೇಡ ಮೇಡಂ. ನಾನು ಮುಟ್ಟಿದ್ರೆ ತೂತು ಬೀಳುತ್ತೆ."

"ಈಗ ಬೀಳಲ್ಲ, ಮಾಡಿ."

ಅವಳು ಸೂಪರ್‌ವೈಸರ್ ಮುಖ ನೋಡಿ, ಪರದೆಯ ಮೇಲೆ ಬೆರಳ ತುದಿಯಲ್ಲಿ ಎರಡು ಸಲ ಒತ್ತಿದಳು. ಯಂತ್ರ ಒಂದು ಕಾಲುಚೀಲ ಹೆಣೆದು ಕೆಳಗಿನ ಬುಟ್ಟಿಗೆ ಹಾಕಿತು. ಅವಳು ಅದನ್ನು ಕೈಗೆ ತೊಡಿಸಿಕೊಂಡು ಬೆಳಕಿಗೆ ಹಿಡಿದು ತಿರುಗಿಸಿದಳು, ಮತ್ತೆ ತಿರುಗಿಸಿದಳು. ಎಲ್ಲೂ ತೂತಿರಲಿಲ್ಲ.

ಸೂಪರ್‌ವೈಸರ್‌ಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ. "ಅಕ್ಕಾ, ಯಂತ್ರದೊಳಗಿನ ಪ್ರೋಗ್ರಾಂ ತಪ್ಪಿತ್ತು. ಅದನ್ನ ಪರೀಕ್ಷೆ ಮಾಡ್ಬೇಕಾಗಿದ್ದೋಳು ನಾನು. ನೋಡದೇ ಸರಿಯಿದೆ ಅಂತ ರುಜು ಹಾಕ್ದೆ. ನೀವು ಮಾಡಿದ್ದೆಲ್ಲ ಸರಿಯಾಗೇ ಇತ್ತು. ಈ ಮಾತು ಕಾಗದದಲ್ಲೂ ಬರ್ಕೊಡ್ತೀನಿ."

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ನನಗೂ ಹಗುರವಾಗುತ್ತಿತ್ತು. ಅವಳು ಕಾಲುಚೀಲವನ್ನು ಕೈಯಿಂದ ತೆಗೆಯದೆ ಕೇಳಿದಳು.

"ಹಾಗಾದ್ರೆ ನನ್ನ ಕಣ್ಣು ಸರಿ ಇದೆಯೇನಮ್ಮ?"

"ಸರಿ ಇದೆ."

"ಕಣ್ಣಿನ ಡಾಕ್ಟರೂ ಹಾಗೇ ಅಂದಿದ್ರು. ಕಾಲುಚೀಲ ನೋಡಿದ್ರೆ ದಿನಾ ತೂತು. ನಾನು ಡಾಕ್ಟರ್ ಮಾತು ನಂಬಲಿಲ್ಲ."

ಸೂಪರ್‌ವೈಸರ್ ಗಾಜಿನ ಕೋಣೆಗೆ ಹೋಗಿ ಆ ಹಾಳೆ ತಂದು ಅವಳ ಮುಂದೆ ಹಿಡಿದರು. "ಇದನ್ನ ಹರಿದು ಹಾಕಮ್ಮ" ಎಂದರು. ಅವಳು ಅದರ ಕಡೆ ನೋಡಲೂ ಇಲ್ಲ.

"ಮಗಳಿಗೆ ಹೆರಿಗೆ ಆಗಿ ಎರಡು ತಿಂಗಳಾಯ್ತು" ಎಂದಳು ನನಗೆ. "ಮಗು ನಮ್ಮನೇಲೇ ಇದೆ. ನಾನಿನ್ನೂ ಎತ್ಕೊಂಡಿಲ್ಲ. ಕಣ್ಣು ಕಾಣದೋಳು, ಎಲ್ಲಾದ್ರೂ ಎಡವಿ ಬೀಳಿಸ್ಬಿಟ್ರೆ ಅಂತ. ಮಗಳು ಕೇಳ್ದಾಗೆಲ್ಲ ಸೊಂಟನೋವು ಅಂತ ಸುಳ್ಳು ಹೇಳ್ತಿದ್ದೆ."

ಅವಳು ಸ್ಟೂಲಿನಿಂದ ಇಳಿದು, ಸೀರೆಯ ಮೇಲಿನ ನೂಲಿನ ಧೂಳು ಕೊಡವಿಕೊಂಡು, ಸೂಪರ್‌ವೈಸರ್ ಕಡೆ ತಿರುಗಿದಳು.

"ಸಾರ್, ಇವತ್ತು ಅರ್ಧ ದಿನ ರಜೆ ಕೊಡ್ತೀರಾ?"