ಚಿಗುರಿದ ಬೇಲಿ

ನೆರೆ ಇಳಿದ ಮೇಲೆ ಕಾಫೂಯೆ ಹೊಳೆಯ ಬಯಲಿಗೆ ದನ ಹೊಡೆದುಕೊಂಡು ಹೋಗುವುದು ನಮ್ಮ ಈಲಾ ಜನರ ರೂಢಿ. ಆ ವರ್ಷ ತಂಗಿ ನಾಮುಕೋಲೋ ಮತ್ತು ಅವಳ ದನಗಳೊಂದಿಗೆ ನಾನೂ ಹೊರಟೆ. ಅವಳ ಮೈದುನ ಶಾಮಟಂಗ ಮುಂದಿದ್ದ. ನನ್ನ ಮಂಡಿನೋವು ನೋಡಿ ದನಗಳನ್ನು ನಿಧಾನವಾಗಿ ನಡೆಸಿದ.

ಹಳೆಯ ಬಿಡಾರದ ಜಾಗ ಕಂಡಾಗ ಮೂವರೂ ನಿಂತುಬಿಟ್ಟೆವು. ಹೋದ ವರ್ಷ ದೊಡ್ಡಿಯ ಮುಳ್ಳುಬೇಲಿ ಇದ್ದಲ್ಲಿ ಈಗ ಮೊಣಕಾಲೆತ್ತರದ ಗಿಡಗಳ ಹಸಿರು ಬಳೆ! ಬಾಗಿಲಿದ್ದ ಕಡೆ ಮಾತ್ರ ಖಾಲಿ. ಕರುವೊಂದು ಅದಕ್ಕೆ ಮೈ ತಾಗಿಸುತ್ತ ಸುತ್ತ ಓಡಿತು. ಅದು ಹೋದಲ್ಲೆಲ್ಲ ಎಲೆಗಳು ಮುಟ್ಟಿದರೆ ಮುನಿಯಂತೆ ಒಂದರ ಹಿಂದೊಂದು ಮಡಚಿಕೊಂಡವು.

"ಹೊಳೆದಂಡೆಯ ಮುಳ್ಳುಪೊದೆ ಕಡಿದು ತಂದೋನು ಯಾರಪ್ಪಾ?" ಎಂದಳು ನಾಮುಕೋಲೋ.

"ಬೇಲಿ ಗಟ್ಟಿಯಾಗಿರ್ಲಿ ಅಂದೋಳು ನೀನೇ, ಅತ್ತಿಗೆ."

"ಗಟ್ಟಿ ಅಂದೆ. ಬೇರು ಬಿಡ್ಲಿ ಅಂದ್ನಾ? ಕಾಯಿ ಸಮೇತ ತಂದಿದ್ದೀಯಲ್ಲೋ!"

ನಾನು ಚಿಕ್ಕವಳಿದ್ದಾಗ ಇಲ್ಲಿ ಆಳೆತ್ತರದ ನೀರು ತಿಂಗಳುಗಟ್ಟಲೆ ನಿಲ್ಲುತ್ತಿತ್ತು. ಮೊಳೆತ ಪೊದೆ ಮುಳುಗಿ ಸಾಯುತ್ತಿತ್ತು, ಹುಲ್ಲು ಮಾತ್ರ ನೀರಿನೊಂದಿಗೆ ಮೇಲೇರುತ್ತಿತ್ತು. ಹೊಳೆಯ ಮೇಲ್ಭಾಗದಲ್ಲಿ ಅಣೆಕಟ್ಟು ಬಂದ ಮೇಲೆ ನೀರು ತೆಳ್ಳಗೆ ಹರಡಿ, ಬೇಗ ಇಳಿದುಹೋಗುತ್ತದೆ. ಪಕ್ಕದ ಮುಕೋಬೇಲನ ಬಿಡಾರವನ್ನು ಪೊದೆ ನುಂಗಿತ್ತು. ದನಗಳಿಗೆ ಹೊಳೆಗೆ ಇಳಿಯಲು ದಾರಿಯಿಲ್ಲದೆ ಅವನು ಬಯಲನ್ನೇ ಬಿಟ್ಟಿದ್ದ.

"ಇದು ಬೆಳೆದ್ರೆ ನನ್ನ ಗತಿಯೂ ಅದೇ ಅಕ್ಕಾ," ಎಂದಳು ತಂಗಿ, ಮೆಲ್ಲಗೆ.

ನೆಲ ಇನ್ನೂ ಹಸಿಯಾಗಿತ್ತು. ಮೂವರೂ ಕೂತು ಕೀಳತೊಡಗಿದೆವು. ಶಾಮಟಂಗನ ಅಂಗೈಯಲ್ಲಿ ರಕ್ತ ಕಂಡಾಗ ನಾಮುಕೋಲೋ ತಾನು ಉಟ್ಟ ಬಟ್ಟೆಯ ಅಂಚು ಹರಿದು ಕಟ್ಟಿದಳು. "ಕೈ ನೋಡು, ಮಗುವಿನ ಕೆನ್ನೆ ಹಾಗಿದೆ. ಗಂಡಸಂತೆ!" ಎಂದು ಬೈಯುತ್ತಲೇ ಗಂಟು ಸಡಿಲ ಮಾಡಿದಳು.

ಬಿಸಿಲು ಇಳಿಯುವಾಗ ಬಳೆಯಷ್ಟೂ ಕಿತ್ತು ಮುಗಿಯಿತು. ದನಗಳನ್ನು ನೀರಿಗೆ ಬಿಡಲು ಹೋದ ಶಾಮಟಂಗ ಅಲ್ಲಿಂದಲೇ ಕೂಗಿದ: "ಅತ್ತಿಗೆ, ಇಲ್ನೋಡು! ದನಗಳೂ ಬಿತ್ತನೆ ಮಾಡಿವೆ!"

ಹೋದ ವರ್ಷ ಅವು ನಡೆದ ದಾರಿಯುದ್ದಕ್ಕೂ, ಗೊರಸಿನ ಗುಳಿಗಳಲ್ಲಿ ಪುಟ್ಟ ಗಿಡಗಳು. ಗೊರಸಿಗೆ ಅಂಟಿದ ಬೀಜ ದನದ ಜೊತೆಯೇ ನಡೆದಿತ್ತು. ಹಸಿರು ಸಾಲು ಹೊಳೆಯ ಹೊಳಪಿನವರೆಗೂ ಹೋಗಿತ್ತು. ನಾನೊಂದನ್ನು ಎಳೆದೆ: ಗಿಡ ಗೇಣುದ್ದ, ಬೇರು ಮೊಳದುದ್ದ. ಇಂಥದ್ದರ ಮುಂದೆ ಸಿಟ್ಟೂ ಬರಲಿಲ್ಲ, ಕೈ ಮುಗಿಯಬೇಕೆನಿಸಿತು.

ನಾಮುಕೋಲೋ ಆಗಲೇ ಮಂಡಿಯೂರಿದ್ದಳು. "ನೋಡ್ತಾ ನಿಂತ್ರೆ ಆಗಲ್ಲ. ಹೊಳೆ ತನಕ ಇದೆ, ಬನ್ನಿ."

ಶಾಮಟಂಗ ಮುಳ್ಳು ಬಲಿತ ಕಡೆ ತಾನು ಕೂತು, ಎಳೆಯ ಗಿಡಗಳಿರುವ ಬದಿಯನ್ನು ನನಗೆ ಬಿಟ್ಟ.