ಚಹಾದ ಲೋಟದ ಜ್ವರ

ಇವತ್ತು ಚಹಾ ತರಿಸಲೇಬಾರದು ಅಂದುಕೊಂಡು ಅವನು ಮಗಳ ವಾರ್ಡಿಗೆ ಬಂದಿದ್ದ. ಆಸ್ಪತ್ರೆಯ ಕ್ಯಾಂಟೀನಿನವನು ಕೇಳದೆಯೇ ತಂದು, ಅವಳ ಮಂಚದ ಪಕ್ಕದಲ್ಲಿಟ್ಟ.

"ಪಾಪ ಮೇಷ್ಟ್ರೇ, ಎಷ್ಟು ಒದ್ದಾಡ್ತೀರಿ."

ಆ 'ಪಾಪ'ಕ್ಕಾಗಿಯೇ ಇಷ್ಟೆಲ್ಲ. ಕಾಲೇಜಿನಲ್ಲಿ ವರ್ಷಗಟ್ಟಲೆ ತತ್ವಶಾಸ್ತ್ರ ಕೊರೆದರೂ ಅವನು ಯಾರ ಲೆಕ್ಕಕ್ಕೂ ಇರಲಿಲ್ಲ. ಮಗಳಿಗೆ ನಿಜವಾಗಿ ಜ್ವರ ಬಂದಾಗ ಪ್ರಿನ್ಸಿಪಾಲರೇ ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟರು. ಮುನಿಸಿಕೊಂಡು ತವರು ಸೇರಿದ್ದ ಹೆಂಡತಿ ಓಡೋಡಿ ಬಂದಳು. ಜ್ವರ ವಾರದೊಳಗೆ ಇಳಿಯಿತು. ಚಾರ್ಟಿನಲ್ಲಿ ಇಳಿಯಲು ಅವನು ಬಿಡಲಿಲ್ಲ. ನರ್ಸ್ ಅತ್ತ ತಿರುಗಿದಾಗ ಥರ್ಮಾಮೀಟರನ್ನು ಬಿಸಿ ಲೋಟಕ್ಕೆ ತಾಗಿಸಿದರೆ ಸಾಕಿತ್ತು.

ನಿನ್ನೆ ಡಾಕ್ಟರು, "ನಾಳೆನೂ ಇಳೀಲಿಲ್ಲ ಅಂದ್ರೆ ಬೆನ್ನಿಗೆ ಸೂಜಿ ಹಾಕಿ ನೀರು ತೆಗೀಲೇಬೇಕು" ಎಂದಿದ್ದರು. ಆ ಸೂಜಿ ಆಗಿನಿಂದ ಅವನನ್ನೇ ಚುಚ್ಚುತ್ತಿತ್ತು. ಹೆತ್ತ ಮಗುವಿಗೆ ಇಂಥದ್ದು ಮಾಡಿದೆನಲ್ಲ. ಆದರೂ ಬಾಯಿಬಿಟ್ಟು ಹೇಳುವುದು ಬೇಡ. ಜ್ವರ ತಾನಾಗಿಯೇ ಬಿಟ್ಟಂತಾಗಲಿ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ನರ್ಸ್ ಕಣ್ಮುಚ್ಚಿ ಮಲಗಿದ್ದ ಮಗಳ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ಆಚೆ ಮಂಚದತ್ತ ಹೋದಳು. ತನ್ನ ಕೈಯನ್ನು ತಾನೇ ನಂಬದೆ ಅವನು ಹೊರಗೆ ನಡೆದ. ಕಾರಿಡಾರಿನ ಕಿಟಕಿಯಲ್ಲಿ ನಿಂತು ಪಾರ್ಕಿಂಗಿನ ಸ್ಕೂಟರುಗಳನ್ನು ನೋಡಿದ. ಎಷ್ಟೋ ದಿನಗಳ ಮೇಲೆ ತಾನು ಒಳ್ಳೆಯವನು ಅನಿಸಿತು.

ಮರಳಿದಾಗ ನರ್ಸ್ ಗಾಜುಕಡ್ಡಿಯನ್ನು ಬೆಳಕಿಗೆ ಹಿಡಿದಿದ್ದಳು. "ನೂರಾಮೂರು. ಡಾಕ್ಟರಿಗೆ ಹೇಳ್ತೀನಿ."

ಅವಳು ಹೋದಮೇಲೆ ಮಗಳು ಪಿಸುಗುಟ್ಟಿದಳು. "ಅಪ್ಪಾ, ನೀನು ಮರ್ತೇಬಿಟ್ಟೆ. ನಾನೇ ಲೋಟಕ್ಕೆ ತಾಗಿಸ್ದೆ."

"ನೀನು... ನಿದ್ದೆ ಮಾಡ್ತಿರ್ಲಿಲ್ವಾ?"

"ಯಾವತ್ತೂ ಇಲ್ಲ."

"ಯಾಕೆ ಮಾಡ್ದೆ ಪುಟ್ಟಿ?"

"ವಾಸಿಯಾದ್ರೆ ಅಮ್ಮ ಮತ್ತೆ ಹೋಗ್ತಾಳಲ್ಲ. ನೀನೂ ನನ್ಹತ್ರ ಕೂರಲ್ಲ."

ನರ್ಸ್ ಗಾಲಿಕುರ್ಚಿ ತಳ್ಳಿಕೊಂಡು ಬಂದಳು. "ಈಗ್ಲೇ ಸೂಜಿ ಹಾಕಿಬಿಡೋಣ ಅಂದ್ರು." ಮಗಳು ಚಂಗನೆ ಹಾರಿ ಕೂತಳು. ಆಮೇಲೆ ನೆನಪಾಗಿ ಕತ್ತು ವಾಲಿಸಿದಳು.

"ಸಿಸ್ಟರ್."

"ಏನ್ ಸರ್?"

ಅವನು ಲೋಟದತ್ತ ಕೈ ತೋರಿದ. "ಈ ಚಹಾ..."

"ಕುಡ್ದೇ ಬನ್ನಿ, ಪರವಾಗಿಲ್ಲ. ಪಾಪ."

ಕುರ್ಚಿ ಕಾರಿಡಾರಿನಲ್ಲಿ ಸಾಗಿತು. ಬೆನ್ನಿನ ಹಲಗೆಗೆ ಮಗಳು ಮರೆಯಾಗಿದ್ದಳು. ಕೆಳಗೆ ಎರಡು ಪುಟ್ಟ ಕಾಲುಗಳು ಮಾತ್ರ ಖುಷಿಯಲ್ಲಿ ತೂಗುತ್ತಿದ್ದವು.

ಅವನು ಲೋಟ ಎತ್ತಿ ಒಂದು ಗುಟುಕು ಕುಡಿದ. ಇನ್ನೂ ಬೆಚ್ಚಗಿತ್ತು.