ಬೆಂಚಿನ ಉಪನಾಯಕಿ

ಶಿಡ್ಲಘಟ್ಟದ ಮೈದಾನದಲ್ಲಿ ತನುಜಳಿಗೆ ಶಾಲು ಹೊದಿಸಿ, ಪೇಟ ತೊಡಿಸಿ, ಉಪನಾಯಕಿಯೆಂದು ಘೋಷಿಸಿದಾಗ ಚಪ್ಪಾಳೆ ತಟ್ಟಿದವರಲ್ಲಿ ನೀವೂ ಒಬ್ಬರಲ್ಲವೇ? ಅದು ಸನ್ಮಾನವೆಂದು ನಂಬಿ ತಟ್ಟಿದಿರಾ, ಅದರ ಹಿಂದಿದ್ದ ಹೊಟ್ಟೆಕಿಚ್ಚನ್ನು ಬಲ್ಲವರಾಗಿಯೂ ತಟ್ಟಿದಿರಾ? ನಂಬಿದ್ದರೆ, ನಡೆದದ್ದನ್ನು ಕೇಳಿ. ಬಲ್ಲವರಾಗಿದ್ದರೂ ಕೇಳಲೇಬೇಕು.

ದಿಬ್ಬೂರಹಳ್ಳಿಯ ತನುಜ ನಮ್ಮ ಮಹಿಳಾ ಹಾಕಿ ಸಂಘದ ಕೊನೆಯ ಆಟಗಾರ್ತಿ. ಪಂದ್ಯ ಆರಂಭವಾಗುವಾಗ ಬೆಂಚಿನ ಮೇಲೆ ಕೂರುವವಳು, ಬೇರೊಬ್ಬಳಿಗೆ ಉಸಿರು ಕಟ್ಟಿದಾಗ ಮಾತ್ರ ಒಳಗೆ ಹೋಗುವವಳು. ಮನೆಯಲ್ಲಿ ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟುವ ವಾರ ಅಭ್ಯಾಸಕ್ಕೆ ಬರುವುದಿಲ್ಲವೆಂಬುದು ಅವಳ ಮೇಲಿದ್ದ ದೂರು. ನಾಯಕಿ ಶಿರೀಷಾ ಗೋಲು ಹೊಡೆಯುವವಳು. ಅವಳ ತಂದೆ ಮುರಳಿಮೋಹನ್ ಗೂಡಿನಿಂದ ನೂಲು ಬಿಚ್ಚುವ ಘಟಕದ ಒಡೆಯರು, ನಮ್ಮ ಸಂಘದ ಕಾರ್ಯದರ್ಶಿಗಳೂ ಹೌದು.

“ಏನಮ್ಮಾ ತನುಜ, ಬೆಂಚು ಕಾಯ್ತಿದ್ದೀಯಾ, ಮೊಟ್ಟೆಗೆ ಕಾವು ಕೊಡ್ತಿದ್ದೀಯಾ?” ಎಂದು ಶಿರೀಷಾ ಚುಚ್ಚುತ್ತಿದ್ದಳು.

“ಎರಡೂ ಕಣೇ. ನೀನು ಆಚೆ ಹೊಡೆದ ಬಾಲೆಲ್ಲ ಮರಿಯಾಗಿ ವಾಪಸ್ ಬರ್ಲಿ ಅಂತ.”

ಅವಳನ್ನು ತಂಡದಿಂದ ಕಳುಹಿಸಬೇಕೆಂಬ ಮಾತು ಪ್ರತಿ ಸಭೆಯಲ್ಲೂ ಬರುತ್ತಿತ್ತು. “ಯಾರಾದ್ರೂ ಕೇಳಿದ್ರೆ ಕೈಮುಗಿದು ಕೊಟ್ಬಿಡಣ ಕಣಪ್ಪ” ಎಂದು ಮುರಳಿಮೋಹನ್ ನಗುತ್ತಿದ್ದರು.

ಕೇಳುವವರು ಬಂದೇ ಬಂದರು. ಚಿಂತಾಮಣಿಯ ಪಂದ್ಯದಲ್ಲಿ ನಮ್ಮ ಆಟಗಾರ್ತಿಯೊಬ್ಬಳಿಗೆ ಕಾಲು ಹಿಡಿದುಕೊಂಡಾಗ ತನುಜ ಕೆಲವೇ ನಿಮಿಷ ಆಡಿದಳು. ಎದುರಾಳಿಯ ಸ್ಟಿಕ್ಕಿನಡಿಯಿಂದ ಚೆಂಡನ್ನು ಕಸಿದು, ಇಬ್ಬರ ನಡುವಿನ ಇಕ್ಕಟ್ಟಿನಲ್ಲಿ ತೂರಿಸಿ, ಶಿರೀಷಾಳ ಮುಂದಕ್ಕೆ ತಳ್ಳಿದಳು. ಶಿರೀಷಾ ಗೋಲು ಹೊಡೆದಳು. ಎಲ್ಲರೂ ಅವಳನ್ನು ಸುತ್ತುವರಿದು ಕುಣಿದರು. ಅಂಚಿನಲ್ಲಿ ನಿಂತಿದ್ದ ಸಂಘಮಿತ್ರ ಮಾತ್ರ ತನುಜಳನ್ನೇ ನೋಡುತ್ತಿದ್ದರು. ಗೌರಿಬಿದನೂರಿನ ಬಳಿಯ ಕುಡುಮಲಕುಂಟೆಯಲ್ಲಿ ಕಾರ್ಖಾನೆಗಳ ಹೆಣ್ಣುಮಕ್ಕಳು ಕಟ್ಟಿಕೊಂಡ ತಂಡಕ್ಕೆ ಅವರು ತರಬೇತುದಾರರು.

ಮರುವಾರವೇ ಅವರು ನಮ್ಮ ಸಂಘದ ಕೊಠಡಿಗೆ ಬಂದರು. ಸಮಿತಿಯ ಸದಸ್ಯನಾಗಿ ನಾನೂ ಅಲ್ಲಿದ್ದೆ.

“ತನುಜಾನ ನಮಗೆ ಕೊಡಿ ಸಾರ್. ಬದಲಿಗೆ ನಮ್ ಗೋಲ್‌ಕೀಪರ್ ಮಹತೀನ ಕರ್ಕೊಳ್ಳಿ.”

ಇದಕ್ಕಿಂತ ನ್ಯಾಯವಾದ ವಿನಿಮಯವಿರಲಿಲ್ಲ. ಮೊಣಕಾಲು ನೋವಿನ ನಮ್ಮ ಗೋಲ್‌ಕೀಪರ್ ಬಗ್ಗುವಷ್ಟರಲ್ಲಿ ಚೆಂಡು ಬಲೆ ಸೇರಿರುತ್ತದೆ. ಇನ್ನು ತನುಜಳಿಗೆ ವಯಸ್ಸಿನ ಮಿತಿಯಂತೆ ರಾಜ್ಯ ಶಿಬಿರಕ್ಕೆ ಇದೇ ಕೊನೆಯ ವರ್ಷ. ಮೈದಾನದಲ್ಲಿ ಕಂಡವರನ್ನಷ್ಟೇ ಆಯ್ಕೆಗಾರರು ಕರೆಯುತ್ತಾರೆ. ಗೌರಿಬಿದನೂರಿಗೆ ಹೋದರೆ ಅವಳು ಮೊದಲ ಸೀಟಿಯಿಂದಲೇ ಆಡುವಳು.

ಮುರಳಿಮೋಹನ್ ಕೈಮುಗಿಯಲಿಲ್ಲ. “ತನುಜಾನೇ ಯಾಕೆ ಮೇಡಂ? ನಮ್ ಶಿರೀಷಾ ಕಣ್ಣಿಗೆ ಬೀಳ್ಲಿಲ್ವಾ?”

“ಬಿದ್ಲು ಸಾರ್. ಅವಳ ಥರ ಹೊಡೆಯೋರು ನಮ್ಮಲ್ಲಿದಾರೆ. ಬಾಲ್ ತಂದು ಕೊಡೋರು ಇಲ್ಲ.”

ಬಾಗಿಲ ಬಳಿ ಸ್ಟಿಕ್ಕಿಗೆ ಟೇಪು ಸುತ್ತುತ್ತಿದ್ದ ಶಿರೀಷಾ ಸುತ್ತುತ್ತಲೇ ಹೋದಳು. ಹಿಡಿ ದಪ್ಪವಾಗಿ ಕೈಗೆ ಹಿಡಿಯದಂತಾದರೂ ನಿಲ್ಲಿಸಲಿಲ್ಲ.

ಅಂದಿನಿಂದ ತನುಜ ಅಮೂಲ್ಯಳಾದಳು. ಮಾರುಕಟ್ಟೆಯಲ್ಲಿ ತಾವು ಮುಟ್ಟಿಯೂ ನೋಡದ ಗೂಡಿಗೆ ಬೇರೆ ಊರಿನವನು ಕೈ ಹಾಕಿದೊಡನೆ ಬೆಲೆ ಏರಿಸುವುದು ಮುರಳಿಮೋಹನ್ ಅವರ ಹಳೆಯ ಚಾಳಿ. ಅದು ವ್ಯಾಪಾರ, ಇರಲಿ. ಆದರೆ ಕೊಂಡ ಗೂಡನ್ನು ಅವರು ನೂಲು ಬಿಚ್ಚದೆ ಇಟ್ಟುಕೊಳ್ಳುವುದಿಲ್ಲ. ಹಾಗೆ ಇಟ್ಟರೆ ಒಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆದು ನೂಲೆಲ್ಲ ಕೆಡುತ್ತದೆಂಬುದು ಅವರಿಗೆ ಗೊತ್ತು. ಗೂಡಿನ ವಿಷಯದಲ್ಲಿ ತೋರುವ ಈ ವಿವೇಕವನ್ನು ಒಬ್ಬ ಹುಡುಗಿಯ ವಿಷಯದಲ್ಲಿ ತೋರದವರನ್ನು ಏನೆಂದು ಕರೆಯೋಣ? “ತನುಜ ನಮ್ಮ ಊರಿನ ಆಸ್ತಿ, ಬಿಟ್ಟುಕೊಡುವ ಮಾತೇ ಇಲ್ಲ” ಎಂದು ಸಮಿತಿ ನಿರ್ಣಯಿಸಿತು. ವಿರೋಧಿಸಿದವನು ನಾನೊಬ್ಬನೇ. ಬಳಿಕ ನೀವು ಕಂಡ ಆ ಸಮಾರಂಭ ನಡೆಯಿತು.

ಮುಂದಿನ ಪಂದ್ಯ ಚಿಕ್ಕಬಳ್ಳಾಪುರದಲ್ಲಿ. ನಮ್ಮ ಉಪನಾಯಕಿ ಆರಂಭದಿಂದ ಕೊನೆಯವರೆಗೂ ಬೆಂಚಿನ ಮೇಲೆಯೇ ಕುಳಿತಿದ್ದಳು. ಅವಳನ್ನು ಕಳುಹಿಸಲೇ ಎಂದು ನಮ್ಮ ತರಬೇತುದಾರರು ಹೊರಗಿನಿಂದ ಕೇಳಿದಾಗಲೆಲ್ಲ ಶಿರೀಷಾ ಬೇಡವೆಂದು ಕೈ ಬೀಸಿದಳು. ಚೆಂಡು ನಮ್ಮ ಗೋಲ್‌ಕೀಪರಳ ಕಾಲುಗಳ ನಡುವೆ ನುಸುಳಿತು. ನಾವು ಸೋತೆವು.

ತನುಜ ನೇರವಾಗಿ ಕಾರ್ಯದರ್ಶಿಗಳ ಬಳಿಗೆ ಹೋದಳು. “ಉಪನಾಯಕಿ ಅಂತೀರ, ಗೆರೆ ದಾಟೋಕೆ ಬಿಡಲ್ವಲ್ಲ ಸಾರ್?”

“ನೀನು ನಮ್ ಮನೆ ಮಗಳಮ್ಮಾ. ನಿನ್ನ ಬೇರೆಯವರಿಗೆ ಕೊಡಕ್ಕಾಗುತ್ತಾ?”

“ಮನೆ ಮಗಳಾದ್ರೆ ಮಡಿಲು ತುಂಬಿ ಕಳಿಸ್ಕೊಡ್ತಾರೆ ಸಾರ್.”

ಸುತ್ತಲಿದ್ದವರು ನಕ್ಕರು. ಮುರಳಿಮೋಹನ್ ಫೋನು ಬಂದವರಂತೆ ಪಕ್ಕಕ್ಕೆ ಸರಿದರು.

ಮರಳುವ ಬಸ್ಸಿನಲ್ಲಿ ಹುಡುಗಿಯರಿಬ್ಬರೂ ನನ್ನ ಹಿಂದಿನ ಸೀಟಿನಲ್ಲಿ ಕುಳಿತಿದ್ದರು. ಶಿರೀಷಾಳ ದನಿ ಕೇಳಿಸಿತು. “ನಿನ್ನ ಕೇಳ್ಕೊಂಡು ಅಷ್ಟು ದೂರದಿಂದ ಬಂದ್ರು ಕಣೇ. ನಾನು ಇಷ್ಟು ಗೋಲ್ ಹೊಡೆದೆ, ನನ್ನ ಒಬ್ರೂ ಕೇಳ್ಲಿಲ್ಲ.”

“ಅದಕ್ಕೆ ನನ್ನ ಕೂರಿಸ್ಬಿಟ್ಯಾ?”

“ನೀನು ಅಲ್ಲಿಗೆ ಹೋಗಿ ಆಡಿದ್ರೆ, ಇಲ್ಲಿ ನನಗೆ ಗೋಲ್ ಹೊಡೆಸ್ತಿದ್ದೋಳು ನೀನೇ ಅಂತ ಎಲ್ರಿಗೂ ಗೊತ್ತಾಗುತ್ತಲ್ಲ.”

“ಗೊತ್ತಾದ್ರೆ ನಿನ್ ಗೋಲು ಕಮ್ಮಿಯಾಗುತ್ತಾ? ಇಲ್ಲಿ ಕೂತ್ರೆ ನನಗೆ ಈ ವರ್ಷಾನೇ ಹೋಗುತ್ತೆ ಕಣೇ.”

ಶಿರೀಷಾಳನ್ನು ನಾನು ಪೂರ್ತಿ ದೂಷಿಸಲಾರೆ. ಅವಳು ತನ್ನ ಮನಸ್ಸನ್ನು ಬಾಯಿಬಿಟ್ಟು ಹೇಳಿದಳು. ಹಿರಿಯರಾದ ನಾವು ಅಷ್ಟನ್ನೂ ಮಾಡಲಿಲ್ಲ. ಅಸೂಯೆಯಿಂದ ಒಬ್ಬರನ್ನು ಹೊರಗೆ ದಬ್ಬಿದರೆ ಊರು ಖಂಡಿಸುತ್ತದೆ. ಅದೇ ಅಸೂಯೆಯಿಂದ ಅಪ್ಪಿ ಹಿಡಿದರೆ ಊರು ಅದನ್ನು ಅಭಿಮಾನವೆಂದು ಕರೆಯುತ್ತದೆ. ನಮಗೆ ತನುಜ ಬೇಕಾಗಿಲ್ಲ. ಗೌರಿಬಿದನೂರಿನವರಿಗೆ ಅವಳು ಸಿಗಬಾರದು, ಅಷ್ಟೇ. ಇದು ನೀತಿಯಲ್ಲ, ಕ್ರೀಡೆಯಂತೂ ಅಲ್ಲವೇ ಅಲ್ಲ.

ಸಂಘಮಿತ್ರ ಇನ್ನೂ ಕಾಯುತ್ತಿದ್ದಾರೆ. ಆಟಗಾರ್ತಿಯರ ವಿನಿಮಯಕ್ಕೆ ಸೋಮವಾರ ಕೊನೆಯ ದಿನ. ಅದರ ಹಿಂದಿನ ಸಂಜೆ ಸಂಘದ ಸರ್ವಸದಸ್ಯರ ಸಭೆಯಿದೆ. ಸಮಿತಿಯ ನಿರ್ಣಯವನ್ನು ಬದಲಿಸುವ ಅಧಿಕಾರ ಆ ಸಭೆಗಿದೆ, ಎಂದರೆ ನಿಮಗಿದೆ. ಮದುವೆ, ಗೃಹಪ್ರವೇಶಗಳ ನೆಪ ಹೇಳದೆ ಭಾನುವಾರ ಬನ್ನಿ. ಹಿಂದಿನ ಸಾಲಿನಲ್ಲಿ ಕುಳಿತು ಗೊಣಗಬೇಡಿ. ಎದ್ದು ನಿಂತು, ಮುರಳಿಮೋಹನ್ ಅವರ ಮುಖ ನೋಡಿಕೊಂಡೇ, ಎಲ್ಲರಿಗೂ ಕೇಳುವಂತೆ ಹೇಳಿ: ತನುಜಳನ್ನು ಆಡಲು ಕಳುಹಿಸಿ.